ಏಳನೆಯ ಪ್ರಯೋಗ

ಒಳಗೆ ಕರೆಯುವುದಕ್ಕೆ ಅವಳಿಗಿಂತ ಮುಂದೆ ಇನ್ನೂ ಆರು ಜನ ಇದ್ದರು. ಮನೋವಿಜ್ಞಾನ ವಿಭಾಗದ ಕಾರಿಡಾರಿನ ಉದ್ದ ಬೆಂಚಿನ ತುದಿಯಲ್ಲಿ ಕೂತಿದ್ದಳು. ರೆಕಾರ್ಡ್ ಪುಸ್ತಕವನ್ನು ತೊಡೆಯ ಮೇಲೆ ಬೋರಲು ಹಾಕಿ ಅದರ ಮೇಲೆ ಎರಡೂ ಕೈ ಊರಿದ್ದಳು, ಕೈ ತೆಗೆದರೆ ಪುಸ್ತಕ ತಾನಾಗಿಯೇ ತೆರೆದುಕೊಂಡು ಎಲ್ಲವನ್ನೂ ಹೇಳಿಬಿಡುತ್ತದೆ ಎನ್ನುವ ಹಾಗೆ. ಭಯವಾಗುತ್ತಿತ್ತು. ಹೀಗೆ ಆಗುವುದಕ್ಕೆ ಪಠ್ಯದಲ್ಲಿ ಒಂದು ಹೆಸರಿದೆ, ಅದರಲ್ಲಿ ಮೂರು ವಿಧಗಳಿವೆ, ಮೂರನ್ನೂ ಉದಾಹರಣೆ ಸಹಿತ ಬರೆಯಬಲ್ಲಳು. ಹೆಸರು ಗೊತ್ತಿದ್ದ ಮಾತ್ರಕ್ಕೆ ಭಯವೇನೂ ಹೋಗಿರಲಿಲ್ಲ. ಈ ಮೂರು ವರ್ಷದಲ್ಲಿ ತಾನು ಕಲಿತದ್ದು ಬಹುಶಃ ಇಷ್ಟೇ, ಪ್ರತಿಯೊಂದಕ್ಕೂ ಒಂದು ಹೆಸರು. ಪಕ್ಕದಲ್ಲಿ ಕೂತ ಗೆಳತಿ ಕಣ್ಣು ಮುಚ್ಚಿಕೊಂಡು ನೆನಪಿನ ವಿಧಗಳನ್ನು ಉರು ಹೊಡೆಯುತ್ತ, ಮೂರನೆಯದಕ್ಕೆ ಬಂದು ಪ್ರತಿ ಸಲವೂ ಮರೆಯುತ್ತಿದ್ದಳು. ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಇವತ್ತು ಅವಳ ತಲೆಯಲ್ಲಿ ಎರಡೇ ಸಂಗತಿ. ಇನ್ನೊಂದು ಗಂಟೆಯೊಳಗೆ ಹೊರಗಿನಿಂದ ಬಂದ ಪರೀಕ್ಷಕಿ ತನ್ನ ಏಳನೆಯ ಪ್ರಯೋಗದ ಪುಟ ತೆರೆಯುತ್ತಾರೆ. ಸಂಜೆ ಐದಕ್ಕೆ ಮಾವ ಬಂದು ಅಮ್ಮನನ್ನು ಕರೆದುಕೊಂಡು ಹೋಗುತ್ತಾನೆ.

ಹನ್ನೆರಡು ಪ್ರಯೋಗಗಳಲ್ಲಿ ಹನ್ನೊಂದು ನಿಜ, ಏಳನೆಯದೊಂದು ಸುಳ್ಳು. ಅದು ಪ್ರತಿಕ್ರಿಯೆಯ ವೇಗವನ್ನು ಅಳೆಯುವ ಪ್ರಯೋಗ. ಮೇಜಿನ ನಡುವೆ ಒಂದು ಮರದ ತೆರೆ. ಈಚೆಗೆ ಗುಂಡಿ ಒತ್ತಿ ಬಲ್ಬು, ಬಜರ್ ಹಚ್ಚುವ ವಿದ್ಯಾರ್ಥಿ, ಆಚೆಗೆ ಅವರು ಹುಡುಕಿ ತಂದ 'ಪಾತ್ರ', ಎಂದರೆ ಪ್ರಯೋಗಕ್ಕೆ ಒಳಗಾಗುವವರು. ಪಾತ್ರವನ್ನು ತಾವೇ ತರಬೇಕು ಎನ್ನುವುದು ವಿಭಾಗದ ಹಳೆಯ ನಿಯಮ. ಆದ್ದರಿಂದ ಪ್ರಯೋಗದ ದಿನ ಲ್ಯಾಬಿನ ಮುಂದೆ ಯಾರದೋ ಅಕ್ಕ, ಯಾರದೋ ಭಾವ, ಪಕ್ಕದ ಮನೆಯ ನಿವೃತ್ತರು, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಸಾಲಾಗಿ ಕೂತಿರುತ್ತಿದ್ದರು. ಅವಳು ಕರೆತಂದದ್ದು ಅಪ್ಪನನ್ನು. ಪ್ರೆಸ್ಸಿಗೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಕೆಂಪು ಬಲ್ಬು ಹೊತ್ತಿದಾಗ ಪಾತ್ರ ತನ್ನ ಕಡೆಯ ಗುಂಡಿ ಒತ್ತಬೇಕು, ಅದು ಮೊದಲ ಸರದಿ. ಬಜರ್ ಕೀರಲಾಗಿ ಕೂಗಿದಾಗ ಒತ್ತಬೇಕು, ಅದು ಎರಡನೆಯದು. ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನೂ ಹಿಡಿಯುವ ಗಡಿಯಾರ ಈಚೆ ಬದಿಯಲ್ಲಿ ಟಿಕಟಿಕ ಎನ್ನುತ್ತಿತ್ತು. ಅಪ್ಪನ ಸರಾಸರಿ ಬೆಳಕಿಗೆ ಇನ್ನೂರ ನಲವತ್ತು ಮಿಲಿಸೆಕೆಂಡು, ಶಬ್ದಕ್ಕೆ ನಾನೂರ ಹತ್ತು. ಪುಸ್ತಕದಲ್ಲಿ ಇದ್ದದ್ದು ಇದಕ್ಕೆ ತದ್ವಿರುದ್ಧ: ಮನುಷ್ಯ ಬೆಳಕಿಗಿಂತ ಶಬ್ದಕ್ಕೆ ಬೇಗ ಎಚ್ಚೆತ್ತುಕೊಳ್ಳುತ್ತಾನೆ. ಆ ಲ್ಯಾಬಿನಲ್ಲಿ ಪುಸ್ತಕ ಇದುವರೆಗೆ ಒಮ್ಮೆಯೂ ಸೋತಿರಲಿಲ್ಲ. ಪ್ರತಿ ವರ್ಷ, ಪ್ರತಿ ವಿದ್ಯಾರ್ಥಿಯ ಅಕ್ಕ ಭಾವಂದಿರೂ ಪುಸ್ತಕ ಹೇಳಿದ ಹಾಗೇ ನಡೆದುಕೊಂಡಿದ್ದರು. ಗಾಬರಿಯಲ್ಲಿ ತಾನೇ ಅಂಕಿಗಳನ್ನು ಆ ಕಡೆಯದು ಈ ಕಡೆ ಬರೆದುಕೊಂಡಿರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುವಾಗಲೇ ಅದು ಹಾಗಲ್ಲ ಎನ್ನುವುದು ಗೊತ್ತಿತ್ತು. ರೆಕಾರ್ಡಿಗೆ ಸುಂದರವಾಗಿ ನಕಲು ಮಾಡುವಾಗ ಎರಡು ಕಾಲಮ್ಮುಗಳ ತಲೆಬರಹವನ್ನು ಅದಲುಬದಲು ಮಾಡಿದಳು. ಲ್ಯಾಬಿನ ಮೇಷ್ಟ್ರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಗುಡ್' ಎಂದು ಬರೆದರು.

ಮನೆಯಲ್ಲಿ ಬಾಗಿಲ ಪಕ್ಕ ನಿನ್ನೆಯಿಂದಲೇ ಒಂದು ಸೂಟ್‌ಕೇಸ್ ಇತ್ತು. ಬೆಳಿಗ್ಗೆ ಅಪ್ಪ ಅದನ್ನು ದಾಟಿಕೊಂಡೇ ಹೋಗಿದ್ದ, ಕಾಲಿಗೆ ತಾಕಿದ್ದನ್ನು ಸರಿಯಾಗಿ ನಿಲ್ಲಿಸಿ ಕೂಡ ಹೋಗಿದ್ದ, ಯಾರದು ಎಲ್ಲಿಗೆ ಎಂದು ಕೇಳಿರಲಿಲ್ಲ. ಅಮ್ಮ ಹೊಲಿಗೆ ಮಷೀನಿನಿಂದ ತಲೆ ಎತ್ತದೆ, "ನೋಡಿದ್ಯಾ? ಜಾಣಕಿವುಡು ಒಂದೇ ಅಂದ್ಕೊಂಡಿದ್ದೆ, ಈಗ ಕಣ್ಣಿಗೂ ಬಂದಿದೆ" ಅಂದಿದ್ದಳು. ಸ್ವಲ್ಪ ದಿನ ತಮ್ಮನ ಮನೆಯಲ್ಲಿ ಇದ್ದು ಬರುತ್ತೇನೆ ಎನ್ನುವ ಅಮ್ಮನ ಮಾತಿನಲ್ಲಿ ಸ್ವಲ್ಪ ದಿನ ಎಂದರೆ ಸ್ವಲ್ಪ ದಿನ ಅಲ್ಲ ಎನ್ನುವುದು ಮೂವರಿಗೂ ಗೊತ್ತಿತ್ತು. ಮೂವರಿಗೋ ಇಬ್ಬರಿಗೋ. ಅಪ್ಪನಿಗೆ ಏನು ಗೊತ್ತು ಏನು ಗೊತ್ತಿಲ್ಲ ಎಂದು ಹೇಳುವುದೇ ಕಷ್ಟವಾಗಿತ್ತು. ಏನು ಹೇಳಿದರೂ ಒಂದು ನಗು, ಒಂದು ಹೂಂ. ಹನ್ನೊಂದು ತಿಂಗಳ ಹಿಂದೆ, ದೊಡ್ಡಮ್ಮ ತೀರಿಹೋದ ಬೆಳಿಗ್ಗೆ, ಫೋನ್ ಇಟ್ಟ ಅಮ್ಮ ಒಳಗಿನ ಕೋಣೆಯಿಂದ, "ರೀ, ಅಕ್ಕ ಹೋದ್ಲಂತೆ ಕಣ್ರೀ" ಎಂದು ಕೂಗಿಕೊಂಡಿದ್ದಳು. ಅಪ್ಪ ಹಜಾರದಲ್ಲಿ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಎಡಗಾಲಿನದು ಮುಗಿಸಿ ಬಲಗಾಲಿನದು ಕೈಗೆತ್ತಿಕೊಂಡ. ಅದನ್ನೂ ಮುಗಿಸಿದ. "ಡಬ್ಬಿ ಎಲ್ಲಿ?" ಎಂದು ಕೇಳಿ, ಮೇಜಿನ ಮೇಲಿದ್ದ ಊಟದ ಡಬ್ಬಿ ತಾನೇ ಎತ್ತಿಕೊಂಡು ಹೊರಟುಹೋದ. ಆ ದಿನ ಅವಳು ಊರಿನಲ್ಲಿರಲಿಲ್ಲ, ಇದನ್ನೆಲ್ಲ ಆಮೇಲೆ ಅಮ್ಮನ ಬಾಯಿಂದ ಎಷ್ಟು ಸಲ ಕೇಳಿದ್ದಳೆಂದರೆ ಪಾಲಿಶಿನ ವಾಸನೆ ಕೂಡ ಅವಳಿಗೆ ನೆನಪಿತ್ತು. ಅಂದಿನಿಂದ ಅಮ್ಮನದು ಅಪ್ಪನ ಜತೆ ಅಗತ್ಯವಿದ್ದಷ್ಟೇ ಮಾತು, ಆಮೇಲೆ ಅದೂ ಕಡಿಮೆ.

ಅವಳು ಅಪ್ಪನನ್ನು ಅಧ್ಯಯನ ಮಾಡಿದ್ದಳು. ಬೇರೆ ಮಕ್ಕಳು ತಂದೆಯ ಮೇಲೆ ಸಿಟ್ಟಾಗುತ್ತಾರೆ, ಅವಳು ನೋಟ್ಸ್ ಮಾಡಿಕೊಂಡಿದ್ದಳು. ಬೆಳವಣಿಗೆಯ ಮನೋವಿಜ್ಞಾನದ ಪತ್ರಿಕೆ ನಡೆಯುತ್ತಿದ್ದ ಟರ್ಮಿನಲ್ಲಿ ಅಪ್ಪನ ಮೌನಕ್ಕೆ ಅವನ ಬಾಲ್ಯ ಕಾರಣವಾಗಿತ್ತು, ಅಜ್ಜ ಮುಂಗೋಪಿ ಎಂದು ಯಾರೋ ಹೇಳಿದ್ದು ಸಾಕಾಗಿತ್ತು. ವ್ಯಕ್ತಿತ್ವದ ಅಧ್ಯಾಯ ಬಂದಾಗ ಅಪ್ಪ ಅಂತರ್ಮುಖಿಯಾದ. ಸಾಮಾಜಿಕ ಮನೋವಿಜ್ಞಾನ ಬಂದಾಗ ಎಲ್ಲಕ್ಕಿಂತ ದೊಡ್ಡ ಸಂಗತಿ ಕಣ್ಣಿಗೆ ಬಿತ್ತು: ಅಪ್ಪ ಗಂಡಸರ ಮಾತಿಗೆ ಉತ್ತರ ಕೊಡುತ್ತಾನೆ, ಹೆಂಗಸರ ಮಾತಿಗೆ ಕೊಡುವುದಿಲ್ಲ. ಮಾವ ತನ್ನ ದಪ್ಪ ಗಂಟಲಿನಲ್ಲಿ ಬಾಗಿಲಲ್ಲೇ "ಭಾವಾ" ಅಂದರೆ ಒಳಗಿಂದ "ಬಾರಯ್ಯಾ" ಅನ್ನುವ ಮನುಷ್ಯನಿಗೆ, ಬೆನ್ನ ಹಿಂದೆಯೇ ನಿಂತು ಹೆಂಡತಿ ಮೂರು ಸಲ ಕರೆದರೂ ಕೇಳಿಸುವುದಿಲ್ಲ. ಅಪಸಾಮಾನ್ಯ ಮನೋವಿಜ್ಞಾನದ ಹೊತ್ತಿಗೆ ಪೆನ್ಸಿಲ್ ಹಿಡಿದು ಲಕ್ಷಣಗಳ ಪಟ್ಟಿಗೆ ಒಂದೊಂದಾಗಿ ಗುರುತು ಹಾಕಿದ್ದಳು, ಒಂಬತ್ತರಲ್ಲಿ ಐದು. ಇದೆಲ್ಲ ಅವಳ ತಲೆಯಲ್ಲೇ ಇದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಮೂರು ವಾರದ ಹಿಂದೆ ಅಮ್ಮ ಯಾವುದೋ ಲಂಗದ ಅಂಚು ಹೊಲಿಯುತ್ತ, ಕಣ್ಣೊರೆಸಿಕೊಂಡದ್ದು ಕಾಣಿಸಬಾರದೆಂದು ದಾರ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದಾಗ, ಅವಳು ಹೇಳಿಯೇಬಿಟ್ಟಿದ್ದಳು. "ಅಮ್ಮಾ, ಅಪ್ಪ ಬದಲಾಗಲ್ಲ. ಅದು ಅವ್ರ ವ್ಯಕ್ತಿತ್ವ. ಮಾತಾಡ್ದೇ ಇರೋದೂ ಒಂದು ಥರ ಹಿಂಸೆನೇ. ನೀನು ನಿನ್ನನ್ನ ನೋಡ್ಕೋ." ಅಮ್ಮ ಕಾಲು ಎತ್ತಿ ಮಷೀನ್ ನಿಲ್ಲಿಸಿದಳು. "ನಿಮ್ಮ ಪುಸ್ತಕದಲ್ಲಿ ಹಾಗಿದೆಯಾ?" ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಕೇಳಿದ ಆ ಪ್ರಶ್ನೆಯಲ್ಲಿ ವ್ಯಂಗ್ಯ ಇರಲಿಲ್ಲ, ನಂಬಿಕೆ ಇತ್ತು. "ಇದೆ" ಅಂದಿದ್ದಳು ಇವಳು. ಮಾರನೆಯ ದಿನ ಅಮ್ಮ ತಮ್ಮನಿಗೆ ಫೋನ್ ಮಾಡಿದಳು.

ಬಾಗಿಲು ತೆರೆದುಕೊಂಡಿತು. ಲ್ಯಾಬಿನ ಅಟೆಂಡರ್ ತಲೆ ಹೊರಗೆ ಹಾಕಿ, "ರೆಕಾರ್ಡ್ ಜತೆ ರಫ್ ಪುಸ್ತಕಾನೂ ತರ್ಬೇಕಂತೆ. ಈ ಮೇಡಂ ಎಲ್ಲಾನೂ ತಾಳೆ ನೋಡ್ತಿದಾರೆ" ಅಂದು ಮತ್ತೆ ತಲೆ ಒಳಗೆ ಎಳೆದುಕೊಂಡ. ಬೆಂಚಿನ ಮೇಲೆ ಸಣ್ಣ ಭೂಕಂಪವೇ ಆಯಿತು. ಗೆಳತಿ, "ಸತ್ವಿ ಕಣೇ, ನನ್ನ ರಫ್ಫಿನಲ್ಲಿ ಬರೀ ಮನೆಸಾಮಾನಿನ ಪಟ್ಟಿ ಇದೆ" ಎಂದು ತಲೆ ಮೇಲೆ ಕೈ ಹೊತ್ತಳು. ಇವಳ ಕಷ್ಟ ಬೇರೆಯದು. ರಫ್ ಪುಸ್ತಕದಲ್ಲಿ ಅಂಕಿಗಳು ಮೊದಲಿದ್ದ ಹಾಗೆಯೇ ಇದ್ದವು, ಬೆಳಕು ಇನ್ನೂರ ನಲವತ್ತು, ಶಬ್ದ ನಾನೂರ ಹತ್ತು. ಆ ಒಂದು ಹಾಳೆ ಹರಿದುಹಾಕಿದರೆ ಆಯಿತು. ಕೈಚೀಲದಿಂದ ತೆಗೆದು, ಏಳನೆಯ ಪ್ರಯೋಗದ ಪುಟಕ್ಕೆ ತಿರುಗಿಸಿ, ಸದ್ದಾಗದ ಹಾಗೆ ಹರಿಯಲು ಬೆರಳು ಜೋಡಿಸಿದಾಗ, ಹಾಳೆಗೆ ಗುಂಡುಸೂಜಿಯಲ್ಲಿ ಚುಚ್ಚಿದ್ದ ಚೀಟಿ ಅಡ್ಡ ಬಂತು.

ಪ್ರತಿ ಪ್ರಯೋಗದ ಕೊನೆಯಲ್ಲಿ ಪಾತ್ರದ ಕೈಲಿ ಒಂದು ಚೀಟಿ ಬರೆಸಿಕೊಳ್ಳಬೇಕಿತ್ತು, ಪ್ರಯೋಗದ ಹೊತ್ತಿನಲ್ಲಿ ನಿಮ್ಮ ಮನಸ್ಸಿಗೆ ಏನು ಅನುಭವವಾಯಿತು ಎಂದು. ಅದಕ್ಕೆ ಅಂತರವಲೋಕನದ ವರದಿ ಎಂಬ ದೊಡ್ಡ ಹೆಸರು. ಯಾರೂ ಅದನ್ನು ಓದುತ್ತಿರಲಿಲ್ಲ. ಎಲ್ಲರ ರೆಕಾರ್ಡಿನಲ್ಲೂ ಹಿಂದಿನ ವರ್ಷದವರಿಂದ ನಕಲಿಸಿಕೊಂಡ ಒಂದೇ ಸಾಲು ಇರುತ್ತಿತ್ತು: 'ಪ್ರಯೋಗ ಆಸಕ್ತಿಕರವಾಗಿತ್ತು. ನನಗೆ ಯಾವ ತೊಂದರೆಯೂ ಆಗಲಿಲ್ಲ.' ಅಪ್ಪನ ಬಾಯಲ್ಲೂ ಅವಳು ಅದನ್ನೇ ಹಾಕಿದ್ದಳು. ಆ ದಿನ ಅಪ್ಪ ಲ್ಯಾಬಿನ ಕಿಟಕಿಯ ಹತ್ತಿರ ನಿಂತು ತುಂಬ ಹೊತ್ತು ಬರೆದಿದ್ದ. ಇಷ್ಟುದ್ದ ಏನು ಬರೆಯುತ್ತಾನಪ್ಪಾ, ಮುಂದಿನವರು ಕಾಯುತ್ತಿದ್ದಾರೆ ಎಂದು ಅವಳಿಗೆ ಮುಜುಗರವಾಗಿ, ಚೀಟಿಯನ್ನು ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡು ಸೂಜಿ ಚುಚ್ಚಿ ಪುಸ್ತಕ ಮುಚ್ಚಿದ್ದಳು. ಐದು ತಿಂಗಳಾಗಿತ್ತು. ಈಗ ಓದಿದಳು. ಅಚ್ಚು ಹಾಕಿದ ಹಾಗೆ ದುಂಡಗಿನ ಅಕ್ಷರ.

'ಬೆಳಕು ಬಂದದ್ದು ಚೆನ್ನಾಗಿ ಗೊತ್ತಾಯಿತು. ಶಬ್ದ ಕೇಳಿಸಲಿಲ್ಲ. ಒಂದು ಸಲವೂ ಕೇಳಿಸಲಿಲ್ಲ. ಆದರೆ ನೀನು ಗುಂಡಿ ಒತ್ತುವಾಗ ತೆರೆಯ ಮೇಲೆ ನಿನ್ನ ಬಲಭುಜ ಸ್ವಲ್ಪ ಏಳುತ್ತಿತ್ತು. ಅದನ್ನು ನೋಡಿಕೊಂಡು ನಾನೂ ಒತ್ತಿದೆ. ಮಷೀನಿನ ಸದ್ದು ನನಗೆ ಕೇಳುತ್ತದೆ. ನಿನ್ನ ಮಾವ ಮಾತಾಡಿದ್ದು ಕೇಳುತ್ತದೆ. ನೀನು, ಅಮ್ಮ ಮಾತಾಡಿದ್ದು ಈಗೀಗ ಕಷ್ಟ. ಮುಖ ನೋಡಿದರೆ ಸ್ವಲ್ಪ ತಿಳಿಯುತ್ತದೆ. ನಿನ್ನ ಮಾರ್ಕ್ಸಿಗೆ ತೊಂದರೆ ಆಗದ ಹಾಗೆ ನೋಡಿಕೋ.'

ಅವಳು ಮತ್ತೊಮ್ಮೆ ಓದಿದಳು. ಮೂರನೆಯ ಸಲ ಓದುವಾಗ ಸಾಲುಗಳು ಕಾಣಿಸಲಿಲ್ಲ. ಮೊದಲ ಟರ್ಮಿನಲ್ಲಿ ಎಲ್ಲರಿಗೂ ಬೇಸರ ತರಿಸುತ್ತಿದ್ದ ಸಂವೇದನೆಯ ಅಧ್ಯಾಯ ಇತ್ತು, ಕಣ್ಣು, ಕಿವಿ, ಮೂಗು, ಚರ್ಮ. ಮನಸ್ಸನ್ನು ಓದಲು ಬಂದರೆ ಇವರು ಮೂಗು ಓದಿಸುತ್ತಾರಲ್ಲ ಎಂದು ಗೊಣಗಿಕೊಂಡು ಕಿವಿಯ ಚಿತ್ರ ಬಿಡಿಸಿ ಮೂರು ಬಣ್ಣ ಹಚ್ಚಿದ್ದಳು. ವರ್ಷಗಟ್ಟಲೆ ದೊಡ್ಡ ಸದ್ದಿನ ನಡುವೆ ಕೆಲಸ ಮಾಡುವವರು ಮೊದಲು ಕಳೆದುಕೊಳ್ಳುವುದು ಕೀರಲು ದನಿಗಳನ್ನು, ಹೆಂಗಸರ ಮತ್ತು ಮಕ್ಕಳ ಮಾತು ಅವರಿಗೆ ಮೊದಲು ಮಸುಕಾಗುತ್ತದೆ. ಇದು ಐದು ಅಂಕದ ಪ್ರಶ್ನೆ. ಅವಳಿಗೆ ನಾಲ್ಕೂವರೆ ಬಂದಿತ್ತು. ಇಪ್ಪತ್ತೆಂಟು ವರ್ಷ ಪ್ರಿಂಟಿಂಗ್ ಮಷೀನಿನ ಪಕ್ಕದಲ್ಲಿ ನಿಂತ ಮನುಷ್ಯನ ಜತೆ ಒಂದೇ ಮೇಜಿನಲ್ಲಿ ಊಟ ಮಾಡುತ್ತ ಆ ಉತ್ತರ ಬಾಯಿಪಾಠ ಮಾಡಿದ್ದಳು. ನಾಚಿಕೆ ಎಂದರೆ ಇದು. ಇದಕ್ಕೂ ಪುಸ್ತಕದಲ್ಲಿ ಹೆಸರಿತ್ತೋ ಏನೋ, ಆ ಹೊತ್ತಿನಲ್ಲಿ ಅವಳಿಗೆ ಹೊಳೆಯಲಿಲ್ಲ. ಗೆಳತಿ, "ಏನಾಯ್ತೇ, ಯಾಕೆ ಅಳ್ತಿದೀಯ? ಹರಿದು ಬಿಸಾಕು ಮೊದ್ಲು" ಅಂದಳು. ಅವಳು ಹಾಳೆಯನ್ನು ಅಂಗೈಯಿಂದ ಸವರಿ ಸರಿಮಾಡಿ ಪುಸ್ತಕ ಮುಚ್ಚಿದಳು.

ಒಳಗೆ ಪರೀಕ್ಷಕಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಗಿಡ್ಡ ಹೆಂಗಸು, ಟೀ ಕಪ್ಪಿನ ಮೇಲೆ ಸಾಸರ್ ಮುಚ್ಚಿಟ್ಟು ಎಲ್ಲರ ರೆಕಾರ್ಡುಗಳ ನಡುವೆ ಮುಳುಗಿದ್ದರು. ಪಕ್ಕದಲ್ಲಿ ಲ್ಯಾಬಿನ ಮೇಷ್ಟ್ರು, ಮಗಳನ್ನು ನೋಡಲು ಬಂದವರ ಮುಂದೆ ಕೂತ ತಂದೆಯ ಹಾಗೆ, ನಗುವುದೋ ಬೇಡವೋ ತಿಳಿಯದೆ ಕೂತಿದ್ದರು. ಪುಟ ತಿರುಗುತ್ತ ಹೋಯಿತು. ಮೂರು, ನಾಲ್ಕು, ಆರು. ಏಳರ ಮೇಲೆ ಪರೀಕ್ಷಕಿಯ ಪೆನ್ನು ನಿಂತಿತು. "ಏನಮ್ಮಾ ಇದು, ಪಾತ್ರದ ಉದ್ಯೋಗ ಮಷೀನ್‌ಮ್ಯಾನ್ ಅಂತ ಬರೆದಿದ್ದೀಯ. ಬೆಳಕಿಗೆ ನಾನೂರ ಹತ್ತು. ಕಣ್ಣು ಇಷ್ಟು ನಿಧಾನ ಇರೋನು ಮಷೀನ್ ಮುಂದೆ ಹೇಗೆ ನಿಲ್ತಾನೆ? ಬೆರಳುಗಳು ಉಳಿದಿದಾವಾ?" ಮೇಷ್ಟ್ರು ಅವಸರದಲ್ಲಿ, "ವಯಸ್ಸಾಗಿದೆ ಮೇಡಂ, ಕಣ್ಣು ಸ್ವಲ್ಪ ಮಂದ ಇರಬಹುದು" ಅಂದರು. ತಪ್ಪಿಸಿಕೊಳ್ಳುವ ಬಾಗಿಲು ಅಲ್ಲೇ ತೆರೆದಿತ್ತು. ಹೌದು ಮೇಡಂ ಎಂದರೆ ಮುಗಿಯಿತು, ಎಂಟನೆಯ ಪ್ರಯೋಗಕ್ಕೆ ಹೋಗಬಹುದಿತ್ತು. ಅವಳಿಗೆ ಅಪ್ಪನ ಕೈ ನೆನಪಾಯಿತು. ಊಟಕ್ಕೆ ಕೂರುವ ಮುಂಚೆ ಸೀಮೆಎಣ್ಣೆಯ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿಕೊಳ್ಳುವ ಬೆರಳುಗಳು. ಮಷೀನಿನವರಲ್ಲಿ ಇಷ್ಟು ವರ್ಷಕ್ಕೆ ಹತ್ತಕ್ಕೆ ಹತ್ತು ಉಳಿಸಿಕೊಂಡವನು ನಾನೊಬ್ಬನೇ ಎಂದು ಅವನು ಎಲ್ಲರೆದುರು ಕೈ ಅಗಲಿಸಿ ತೋರಿಸುತ್ತಿದ್ದ. "ಹತ್ತೂ ಇವೆ ಮೇಡಂ" ಅಂದಳು. "ಅವರು ನಮ್ಮಪ್ಪ. ಕಣ್ಣು ಚೆನ್ನಾಗಿದೆ. ಕಾಲಮ್ ತಿರುಗಿಸಿ ಬರೆದವಳು ನಾನು."

ಮೇಷ್ಟ್ರ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ರಫ್ ಪುಸ್ತಕ ತೆರೆದು ಪರೀಕ್ಷಕಿಯ ಮುಂದೆ ಇಟ್ಟಳು. ಪರೀಕ್ಷಕಿ ಅಂಕಿ ನೋಡಿದರು, ಚೀಟಿ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. "ಈ ಚೀಟೀನ ನೀನು ಯಾವಾಗ ಓದಿದೆ?" "ಈಗ, ಹೊರಗೆ ಬೆಂಚಿನ ಮೇಲೆ." "ಐದು ತಿಂಗಳು ಆದ್ಮೇಲೆ." "ಹೌದು." ಬೈಯುತ್ತಾರೆ ಎಂದು ಕಾದಳು. ಬೈದರೆ ಒಳ್ಳೆಯದಿತ್ತು. ಪರೀಕ್ಷಕಿ ರೆಕಾರ್ಡಿನ ಏಳನೆಯ ಪ್ರಯೋಗದ ಮೇಲೆ, 'ಗುಡ್' ಎಂಬ ಮಾತನ್ನೂ ಸೇರಿಸಿ, ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. "ಇದಕ್ಕೆ ಸೊನ್ನೆ. ಮಿಕ್ಕಿದ್ದರಲ್ಲಿ ಪಾಸಾಗ್ತೀಯ, ರ‍್ಯಾಂಕ್ ಗೀಂಕ್ ಮರೆತುಬಿಡು. ಒಂದು ವಾರದಲ್ಲಿ ಈ ಪ್ರಯೋಗ ಮತ್ತೆ ಮಾಡಿ ತೋರಿಸು. ಈ ಸಲ ತೆರೆ ಎತ್ತರ ಮಾಡ್ಕೋ." ರಫ್ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. "ನಾನು ಹತ್ತೊಂಬತ್ತು ವರ್ಷದಿಂದ ಇಂಥ ವರದಿಗಳನ್ನ ತಿರುವಿ ಹಾಕ್ತಿದೀನಿ ಕಣಮ್ಮಾ. ಎಲ್ಲರಿಗೂ ಆಸಕ್ತಿಕರವಾಗಿತ್ತಂತೆ. ಒಬ್ಬ ಮನುಷ್ಯ ನಿಜವಾಗ್ಲೂ ಬರೆದಿದ್ದನ್ನ ಇವತ್ತು ಓದಿದೆ. ಅವರನ್ನ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋಗು, ಈ ಪರೀಕ್ಷೆ ಎಲ್ಲೂ ಓಡಿಹೋಗಲ್ಲ."

ಪ್ರೆಸ್ ಎರಡು ಬಸ್ಸಿನ ದೂರ. ಚಿಕ್ಕಂದಿನಲ್ಲಿ ಬಂದಿದ್ದಳು, ಆಮೇಲೆ ಇಲ್ಲ. ಬಾಗಿಲು ತಳ್ಳಿದ ಕೂಡಲೇ ಸದ್ದು ಎದೆಗೆ ಬಡಿಯಿತು. ನೆಲ, ಗೋಡೆ, ಹಲ್ಲು ಎಲ್ಲ ಅದುರುತ್ತಿದ್ದವು. ಅಷ್ಟು ಸದ್ದಿನ ನಡುವೆ ಬಾಯಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ. ಒಬ್ಬ ಎರಡು ಬೆರಳೆತ್ತಿದರೆ ಇನ್ನೊಬ್ಬ ಎರಡು ಬಂಡಲ್ ಕಾಗದ ತರುತ್ತಿದ್ದ. ಯಾರನ್ನಾದರೂ ಕರೆಯಬೇಕಾದರೆ ಹೋಗಿ ಭುಜ ಮುಟ್ಟುತ್ತಿದ್ದರು. ಅಪ್ಪ ಕೊನೆಯ ಮಷೀನಿನ ಹತ್ತಿರ ನಿಂತು ಯಾರದೋ ನಡಿಗೆಯನ್ನು, ಬಹುಶಃ ಮ್ಯಾನೇಜರರದು, ಹೊಟ್ಟೆ ಮುಂದೆ ಮಾಡಿ ಅಣಕಿಸುತ್ತಿದ್ದ, ಸುತ್ತ ನಿಂತ ಮೂವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳು ಕಂಬದ ಪಕ್ಕ ನಿಂತುಬಿಟ್ಟಳು. ಅಂತರ್ಮುಖಿ. ಒಂಬತ್ತರಲ್ಲಿ ಐದು ಲಕ್ಷಣ. ಇಷ್ಟು ಮಾತುಗಾರನಾದ ಅಪ್ಪನನ್ನು ಅವಳು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಇಲ್ಲಿ ಎಲ್ಲರೂ ಕಿವುಡರೇ, ಆದ್ದರಿಂದ ಯಾರೂ ಕಿವುಡರಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದಳು. ಅಪ್ಪ ನಗುತ್ತಲೇ ತಿರುಗಿದವನು ಅವಳ ಮುಖ ನೋಡಿ, ಕೈಯಲ್ಲೇ, ಏನು ಎಂದು ಕೇಳಿದ.

ಮನೆಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೆ ಮುಖ ಕಾಣುವುದಿಲ್ಲ. ಅದಕ್ಕೆ ಅವಳು ಎದುರು ಸೀಟಿನಲ್ಲಿ ಹಿಮ್ಮುಖವಾಗಿ ಕೂತು, ಚೀಟಿಯನ್ನು ತೆಗೆದು ಅಪ್ಪನ ಮೊಣಕಾಲ ಮೇಲೆ ಇಟ್ಟಳು. ಅಪ್ಪ ಅದನ್ನು ಗುರುತು ಹಿಡಿದು, ಮಡಚಿ ವಾಪಸ್ ಕೊಟ್ಟ. "ಇದನ್ನ ಇನ್ನೂ ಇಟ್ಕೊಂಡಿದೀಯಾ ಡಾಕ್ಟ್ರಮ್ಮಾ?" ಅವಳು ಈ ಓದಿಗೆ ಸೇರಿದಂದಿನಿಂದ ಅವಳಿಗೆ ಅದೇ ಹೆಸರು. ದನಿಯನ್ನು ಆದಷ್ಟು ಕೆಳಗಿಳಿಸಿ, ಒಂದೊಂದೇ ಮಾತನ್ನು ಬಿಡಿಸಿ ಅವಳು ಹೇಳಿದಳು. "ಅಪ್ಪಾ, ನಾನು ಇದನ್ನ ಇವತ್ತೇ ಓದಿದ್ದು." ಅಪ್ಪ ಅವಳ ತುಟಿಯನ್ನೇ ನೋಡುತ್ತಿದ್ದವನು ಕಿಟಕಿಯ ಕಡೆ ತಿರುಗಿದ. "ನಾನು ಅವತ್ತೇ ಓದಿರ್ತೀಯ ಅಂದ್ಕೊಂಡಿದ್ದೆ. ನೀನು ಏನೂ ಕೇಳ್ಲಿಲ್ಲ. ಸರಿ, ಮಗಳಿಗೆ ಗೊತ್ತಾಗಿದೆ, ದೊಡ್ಡದು ಮಾಡೋದು ಬೇಡ ಅಂತ ಸುಮ್ನಿದಾಳೆ ಅಂದ್ಕೊಂಡೆ. ಒಬ್ರಿಗಾದ್ರೂ ಹೇಳಿದೀನಲ್ಲ ಅಂತ ಹಗುರಾಗಿತ್ತು." ಆ ಮಾತು ಅವಳ ಎದೆಯಲ್ಲಿ ನೇರ ನಾಟಿತು. "ಅಮ್ಮಂಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು, ಎರಡು ಸಲ ಕೇಳಬೇಕಾಯಿತು. ಅಪ್ಪ ನಕ್ಕ, ಮನೆಯಲ್ಲಿ ಎಲ್ಲದಕ್ಕೂ ನಗುವ ನಗು. "ಕಿವುಡ ಅನ್ನಿಸ್ಕೊಳ್ಳೋದಕ್ಕಿಂತ ಕಲ್ಲುಮನಸ್ಸಿನೋನು ಅನ್ನಿಸ್ಕೊಳ್ಳೋದೇ ವಾಸಿ ಅನ್ನಿಸ್ತು. ಅದೂ ಅಲ್ದೆ ನಿಮ್ಮಮ್ಮ ಈಗ ನನ್ ಹತ್ರ ಮಾತೇ ಆಡಲ್ಲವಲ್ಲ, ಕೇಳಿಸಿದ್ರೆಷ್ಟು ಬಿಟ್ರೆಷ್ಟು." ಸೂಟ್‌ಕೇಸ್ ಯಾರದೆಂದು ಅವನಿಗೆ ಗೊತ್ತಿತ್ತು. ಹೋಗಬೇಡ ಎಂದು ಹೇಳಿದರೆ ನಿಮ್ಮಮ್ಮ ಕೊಡುವ ಉತ್ತರ ಕೇಳಿಸುವುದಿಲ್ಲವಲ್ಲ, ಕೇಳಿಸದ ಉತ್ತರಕ್ಕೂ ಹೂಂ ಅಂದುಬಿಟ್ಟರೆ ಏನು ಗತಿ ಎಂದು ಹೆದರಿ ಸುಮ್ಮನೆ ದಾಟಿಕೊಂಡು ಬಂದೆ ಅಂದ. ಅವಳು ಬಸ್ಸಿನಲ್ಲೇ, ಎಲ್ಲರೆದುರು, ಅಪ್ಪನ ಎರಡೂ ಕೈ ಹಿಡಿದುಕೊಂಡಳು.

ಮನೆ ಮುಟ್ಟಿದಾಗ ಐದು ಹೊಡೆದು ಹತ್ತು ನಿಮಿಷ. ಮಾವ ಕುರ್ಚಿ ತುಂಬ ಕೂತು ಟೀ ಕುಡಿಯುತ್ತಿದ್ದ. ಅಮ್ಮ ಚಪ್ಪಲಿ ಕೂಡ ಮೆಟ್ಟಿಕೊಂಡಾಗಿತ್ತು. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅಮ್ಮ ಮೂಗು ಮುರಿದಳು. "ಹೋಗ್ಲಿ ಬಿಡೇ. ಇವನು ಕರೆದ್ರೆ ಕೇಳತ್ತೆ, ನಾನು ಕರೆದ್ರೆ ಕೇಳಲ್ಲ. ಅದ್ಯಾವ ಕಿವಿ? ಮೂರು ವಾರದ ಕೆಳಗೆ ವ್ಯಕ್ತಿತ್ವ ಅಂದೆ, ಈಗ ಕಿವಿ ಅಂತೀಯ. ನಾಳೆ ಇನ್ನೇನು?" ಅವತ್ತು ಪುಸ್ತಕದಲ್ಲಿದೆ ಅಂದದ್ದು ತಪ್ಪು, ನನ್ನ ತಪ್ಪು, ಕ್ಷಮಿಸು ಅಂದಳು ಇವಳು. ಅಮ್ಮನಿಗೆ ಅಷ್ಟು ನೇರವಾಗಿ ಅವಳು ಯಾವತ್ತೂ ಕ್ಷಮಿಸು ಅಂದಿರಲಿಲ್ಲ. ಆಮೇಲೆ ಊಟದ ಮೇಜಿನ ಮುಂದೆ, ಗೋಡೆಗೆ ಮುಖ ಮಾಡಿ ಅಪ್ಪನನ್ನು ಕೂರಿಸಿದಳು. ನಿನ್ನನ್ನು ಯಾರಾದರೂ ಕರೆದದ್ದು ಕೇಳಿಸಿದ ಕೂಡಲೇ ಬೆರಳಿನಿಂದ ಮೇಜು ತಟ್ಟು ಎಂದು ಕಾಗದದ ಮೇಲೆ ಬರೆದು ತೋರಿಸಿದಳು. ಅಪ್ಪ ಒಳ್ಳೆಯ ವಿದ್ಯಾರ್ಥಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ, ಬಲಗೈಯ ತೋರುಬೆರಳನ್ನು ಎತ್ತಿ ಹಿಡಿದ. ಮಾವ ಬಾಗಿಲ ಹತ್ತಿರದಿಂದ "ಭಾವಾ" ಅಂದ. ಬೆರಳು ಟಕ್ಕೆಂದು ಬಡಿಯಿತು. ಅಮ್ಮ, "ನೋಡು, ನಾನು ಹೇಳ್ಲಿಲ್ವಾ" ಎನ್ನುವಂತೆ ಅವಳ ಕಡೆ ನೋಡಿದಳು. "ಈಗ ನೀನು ಕರಿ ಅಮ್ಮಾ. ಬರೀ ಕರೀಬೇಡ. ಅವ್ರಿಗೆ ಸಿಟ್ಟು ಬರೋ ಹಾಗೆ ಏನಾದ್ರೂ ಅನ್ನು."

ಅಮ್ಮನಿಗೆ ಅದೇನೂ ಕಷ್ಟದ ಕೆಲಸವಾಗಿರಲಿಲ್ಲ. "ರೀ" ಅಂದಳು. ಬೆರಳು ಎತ್ತಿದ ಹಾಗೇ ಇತ್ತು. "ರೀ, ಗೊರಕೆ ಮಹಾರಾಜರೇ" ಅಂದಳು. "ನಿಮ್ಮ ಆ ಹತ್ತು ಬೆರಳಿನ ಪುರಾಣ ಕೇಳಿ ಕೇಳಿ ನಂಗೆ ತಲೆ ಚಿಟ್ಟು ಹಿಡಿದಿದೆ. ಹತ್ತು ಬೆರಳಿದ್ದು ಒಂದು ಮೊಳೆ ಹೊಡೆಯೋಕ್ಕೆ ಬರಲ್ಲ." ಮಾವ ಟೀ ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮಿದ. ಬೆರಳು ಅಲುಗಲಿಲ್ಲ. ಅಮ್ಮ ಒಂದು ಹೆಜ್ಜೆ ಹತ್ತಿರ ಹೋದಳು. ಮದುವೆಯಾದ ವರ್ಷ ಕಳೆದುಹಾಕಿದ ಕೊಡೆಯಿಂದ ಹಿಡಿದು ಹೋದ ವಾರದ ಉಪ್ಪಿಲ್ಲದ ಸಾರನ್ನು ಸದ್ದಿಲ್ಲದೆ ತಿಂದದ್ದರವರೆಗೆ ಎಲ್ಲ ಹೊರಗೆ ಬಂತು. ಮೊದಲು ಹಾಸ್ಯವಾಗಿ ಶುರುವಾದದ್ದು ನಡುವೆ ಎಲ್ಲೋ ಹಾಸ್ಯ ಬಿಟ್ಟಿತು. ಅಮ್ಮನ ದನಿ ತೆಳ್ಳಗಾಗುತ್ತ ಏರಿತು. "ರೀ, ಅಕ್ಕ ಹೋದ್ಲಂತೆ ಕಣ್ರೀ" ಅಂದಳು, ಹನ್ನೊಂದು ತಿಂಗಳ ಹಿಂದಿನ ಅದೇ ಮಾತು, ಬಹುಶಃ ಅದೇ ದನಿ. ಅಪ್ಪ ಗೋಡೆ ನೋಡುತ್ತ ಕೂತಿದ್ದ. ಬೆರಳು ಮೇಜಿನ ಮೇಲೆ ಒಂದಂಗುಲ ಎತ್ತರದಲ್ಲಿ, ಇಷ್ಟು ಹೊತ್ತು ಹಿಡಿದದ್ದಕ್ಕೆ ಸಣ್ಣಗೆ ನಡುಗುತ್ತ, ಇನ್ನೂ ಕಾಯುತ್ತಿತ್ತು. ಯಾವಾಗ ಕರೆಯುತ್ತಾರೋ, ತಪ್ಪಿಹೋದೀತು ಎನ್ನುವ ಎಚ್ಚರ ಅವನ ಇಡೀ ಬೆನ್ನಿನಲ್ಲಿತ್ತು. ಅಮ್ಮ ಆ ಬೆರಳನ್ನು ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಅಮ್ಮನ ಹತ್ತಿರ ಹೋಗಲಿಲ್ಲ; ನೋಟ್ಸ್ ಮಾಡಿಕೊಳ್ಳುವವಳ ಕೈ ಎರಡೂ ಖಾಲಿಯಾಗಿ ಜೋತುಬಿದ್ದಿದ್ದವು, ಹಾಗೇ ನಿಂತಳು.

ಅಮ್ಮ ಮೇಜನ್ನು ಸುತ್ತಿಕೊಂಡು ಅಪ್ಪನ ಎದುರಿಗೆ, ಗೋಡೆಗೂ ಅವನಿಗೂ ನಡುವೆ ಹೋಗಿ ನಿಂತಳು. ಅಪ್ಪ ಬೆಚ್ಚಿ, "ಏನಾಯ್ತೇ? ನಾನು ತಪ್ಪು ಮಾಡಿದ್ನಾ? ಕರೆದ್ಯಾ?" ಅಂದ. ಅಮ್ಮ ತಪ್ಪಿಲ್ಲ ಎನ್ನುವಂತೆ ತಲೆ ಆಡಿಸಿದಳು. ಸೆರಗು ತೆಗೆದು, ತುಟಿ ಕಾಣುವ ಹಾಗೆ, ಮಗುವಿಗೆ ಹೇಳಿಕೊಡುವಷ್ಟು ನಿಧಾನವಾಗಿ ಹೇಳಿದಳು. "ಅಕ್ಕ ಹೋದ ಸುದ್ದಿ ನಾನು ಮೊದ್ಲು ಹೇಳಿದ್ದು ನಿಮ್ಗೇನೇ. ಬೂಟಿಗೆ ಪಾಲಿಶ್ ಹಾಕ್ತಿದ್ರಿ. ಒಳಗಿಂದ ಕೂಗಿ ಹೇಳ್ದೆ." ಅಪ್ಪ ಅವಳ ಮುಖದಲ್ಲಿ ಒಂದೊಂದೇ ಮಾತನ್ನು ಹುಡುಕಿ ಹೆಕ್ಕಿಕೊಂಡ. "ನಿನ್ ತಮ್ಮ ಮಧ್ಯಾಹ್ನ ಪ್ರೆಸ್ಸಿಗೆ ಬಂದು ಹೇಳ್ದ" ಅಂದ ಕೊನೆಗೆ. "ಆವಾಗ್ಲೇ ನಂಗೆ ಗೊತ್ತಾಗಿದ್ದು. ಅಕ್ಕ ಸತ್ರೂ ನನಗೆ ಹೇಳ್ಬೇಕು ಅಂತ ನಿಂಗೆ ಅನ್ನಿಸ್ಲಿಲ್ವಲ್ಲಾ ಅಂತ, ನಾನೂ..." ಎತ್ತಿ ಹಿಡಿದಿದ್ದ ಬೆರಳು ಯಾವಾಗಲೋ ಕೆಳಗಿಳಿದು ಅಮ್ಮನ ಕೈ ಮೇಲೆ ಇತ್ತು. "ಅವತ್ತು ನೀನು ಹೇಳಿದ್ದು ನಂಗೆ ಸಿಗ್ಲಿಲ್ಲ. ಈಗ ಹೇಳು. ಫೋನ್ ಬಂದಿದ್ದರಿಂದ ಹಿಡ್ಕೊಂಡು ಹೇಳು."

ಅಮ್ಮ ಚಪ್ಪಲಿ ಕಳಚಿ ಕಾಲಿನಿಂದ ಪಕ್ಕಕ್ಕೆ ತಳ್ಳಿ, ಕುರ್ಚಿ ಎಳೆದುಕೊಂಡು ಅಪ್ಪನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಕಿಟಕಿಯ ಬೆಳಕು ಇಳಿಯುತ್ತಿತ್ತು. ಮಾವ ಬಾಗಿಲ ಬಳಿ ಒಂದು ಕೈಯಲ್ಲಿ ಸೂಟ್‌ಕೇಸ್ ಎತ್ತಿಕೊಂಡು, ಮುಂದೆ ಹೋಗುವುದೋ ಹಿಂದೆ ಬರುವುದೋ ತಿಳಿಯದೆ ನಿಂತಿದ್ದ. "ಅಕ್ಕಾ, ಬಸ್ಸು..." ಅಂದ.

ಅಮ್ಮ ತಿರುಗಲಿಲ್ಲ. "ಅದನ್ನ ಕೆಳಗಿಡೋ" ಅಂದಳು. "ಇಟ್ಟು, ಆ ಲೈಟ್ ಹಾಕು. ಅವ್ರಿಗೆ ನನ್ ಮುಖ ಕಾಣ್ಬೇಕು."